ಟ್ಯಾಂಕಿನ ಮೇಲಿನ ಹೆಸರು

ಮೋಟಾರ್ ಸೈಕಲ್ಲಿಗೆ ಮೊದಲು ಮುಪ್ಪು ಬರುವುದು ಎಲ್ಲಿ? ಎಂಜಿನ್ನಿಗೆ ಎಂದು ಮೆಕ್ಯಾನಿಕ್ ಹೇಳಿಯಾನು. ಟೈರಿಗೆ ಎಂದು ಸವಾರ ಹೇಳಿಯಾನು. ಆದರೆ ಭೀಮಾ ತೀರದ ಬಿಸಿಲನ್ನು ಬಲ್ಲವರ ಉತ್ತರವೇ ಬೇರೆ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಗಾಡಿಯ ವಯಸ್ಸನ್ನು ಮೊದಲು ಸಾರುವುದು ಪೆಟ್ರೋಲ್ ಟ್ಯಾಂಕಿನ ಮೇಲಿನ ಸ್ಟಿಕ್ಕರು. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ಅಪರೂಪವಲ್ಲ. ಹೊಲದ ಬದುವಿನಲ್ಲಿ, ಸಂತೆ ಮೈದಾನದಲ್ಲಿ, ಬಸ್ ನಿಲ್ದಾಣದ ಹೊರಗೆ ದಿನವಿಡೀ ಬಿಸಿಲಿಗೆ ನಿಂತ ಗಾಡಿಯ ಸ್ಟಿಕ್ಕರು ಮೊದಲು ಬಣ್ಣಗೆಡುತ್ತದೆ, ಆಮೇಲೆ ಅಂಚಿನಲ್ಲಿ ಸುರುಳಿ ಸುತ್ತುತ್ತದೆ, ಕೊನೆಗೆ ಒಣಗಿದ ಎರೆ ನೆಲದಂತೆ ಬಿರುಕು ಬಿಡುತ್ತದೆ.

ಆಗ ಗಾಡಿಯ ಯಜಮಾನ ಸ್ಟಿಕ್ಕರ್ ಅಂಗಡಿಗೆ ಹೋಗುತ್ತಾನೆ. ತೊಗರಿ ಮಾರಿದ ಹಣ ಕೈಗೆ ಬಂದಾಗ, ಮನೆಯಲ್ಲಿ ಮದುವೆ ಇದ್ದಾಗ, ದಸರೆಯ ಆಯುಧ ಪೂಜೆ ಹತ್ತಿರ ಬಂದಾಗ ಈ ಅಂಗಡಿಗಳಲ್ಲಿ ಕೈತುಂಬ ಕೆಲಸ. ಗಂಟೆ ಹೊತ್ತಿನ ಕೆಲಸ, ಖರ್ಚೂ ಅಷ್ಟೇನಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದರೆ ಗಾಡಿ ಹತ್ತು ವರ್ಷ ಹರೆಯಕ್ಕೆ ಮರಳಿದಂತೆ ಕಾಣುತ್ತದೆ.

ಇಷ್ಟು ಸಣ್ಣ ಕೆಲಸಕ್ಕೂ ಒಂದು ಚರಿತ್ರೆ ಇದೆ. ಯಂತ್ರದ ಮೈಮೇಲೆ ಅದರ ಹೆಸರನ್ನು ಬರೆಯುವ ಕಲೆ ಕುಂಚದಿಂದ ಶುರುವಾಗಿ, ಒದ್ದೆ ಕಾಗದಕ್ಕೆ ಬಂದು, ಅಂಟು ಹಾಳೆಗೆ ಇಳಿದು, ಈಗ ಕಂಪ್ಯೂಟರ್ ಹಿಡಿದ ಚಾಕುವಿನ ತುದಿಯಲ್ಲಿ ನಿಂತಿದೆ. ಈ ಹಾದಿಯಲ್ಲಿ ಮೈಸೂರಿನ ಒಂದು ಕಾರ್ಖಾನೆಯೂ ಸಿಗುತ್ತದೆ, ನ್ಯಾಯಾಲಯದ ಕಟಕಟೆಯೂ ಸಿಗುತ್ತದೆ.

ಕುಂಚದ ಕಾಲ

ಕುದುರೆ ಸಾರೋಟುಗಳ ಕಾಲದಲ್ಲೇ ಯುರೋಪಿನ ಬಂಡಿ ತಯಾರಕರು ಬಣ್ಣ ಬಳಿದ ಮರದ ಮೈಮೇಲೆ ತೆಳುವಾದ ಗೆರೆಗಳನ್ನು ಎಳೆಯುತ್ತಿದ್ದರು. ಮರ ಸೇರುವ ಅಂಚನ್ನು ಅಂದಗೊಳಿಸುವುದು, ಬಂಡಿಯ ಆಕಾರವನ್ನು ಎತ್ತಿ ತೋರಿಸುವುದು ಅದರ ಉದ್ದೇಶ. ಸೈಕಲ್ಲು, ಕಾರು, ಮೋಟಾರ್ ಸೈಕಲ್ಲುಗಳು ಬಂದಾಗ ಆ ಗೆರೆ ಅವುಗಳ ಮೈಗೂ ದಾಟಿತು. ಉದ್ದ ಕೂದಲಿನ ತೆಳು ಕುಂಚವನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಟ್ಯಾಂಕಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತದಲ್ಲಿ ಗೆರೆ ಮುಗಿಸಬೇಕು. ನಡುವೆ ಕೈ ನಿಂತರೆ ಅಲ್ಲಿ ಗಂಟು ಕಾಣುತ್ತದೆ.

ಮದ್ರಾಸಿನಲ್ಲಿ 1955ರಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯ ಬುಲೆಟ್ಟಿನ ಟ್ಯಾಂಕಿಗೆ ಚಿನ್ನದ ಬಣ್ಣದ ಗೆರೆ ಬಂದದ್ದು ಹೀಗೆಯೇ. ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಅಳತೆಪಟ್ಟಿ, ಟೇಪುಗಳ ಹಂಗಿಲ್ಲದೆ ಕೈಯಿಂದಲೇ ಗೆರೆ ಎಳೆಯುವ ಪದ್ಧತಿ ತಲೆಮಾರುಗಳನ್ನು ದಾಟಿ ಉಳಿದುಕೊಂಡಿತು. ಎರಡು ಬುಲೆಟ್ಟುಗಳನ್ನು ಪಕ್ಕದಲ್ಲಿಟ್ಟು ಸೂಕ್ಷ್ಮವಾಗಿ ನೋಡಿದರೆ ಗೆರೆಗಳು ಕೂದಲೆಳೆಯಷ್ಟು ಬೇರೆ ಇರುತ್ತವೆ. ಅದು ದೋಷವಲ್ಲ, ಮನುಷ್ಯನ ಕೈ ಆಡಿದ ಗುರುತು.

ನಮ್ಮ ಊರುಗಳಲ್ಲಿ ಈ ಕೆಲಸ ಪೇಂಟರ್‌ಗಳದಾಗಿತ್ತು. ಕಲಬುರಗಿ ಸೀಮೆ 1948ರವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಉರ್ದು, ಮರಾಠಿ, ಕನ್ನಡ ಒಂದೇ ಬೀದಿಯಲ್ಲಿ ಓಡಾಡುವ ಈ ನೆಲದಲ್ಲಿ ಒಳ್ಳೆಯ ಪೇಂಟರ್ ಎಂದರೆ ಒಂದಕ್ಕಿಂತ ಹೆಚ್ಚು ಲಿಪಿಗೆ ಕೈ ಪಳಗಿದವನು. ಅಂಗಡಿ ಬೋರ್ಡು, ಲಾರಿಯ ಹಣೆಬರಹ, ಚುನಾವಣೆಯ ಗೋಡೆ ಬರಹ, ಗಾಡಿಯ ನಂಬರ್ ಪ್ಲೇಟು ಎಲ್ಲವೂ ಅದೇ ಕುಂಚದಿಂದ ಬರುತ್ತಿದ್ದವು. ಮೂಲೆಯಲ್ಲಿ ‘ಆರ್ಟ್ಸ್’ ಎಂಬ ಬಾಲವಿರುವ ಒಂದು ಸಹಿ. ಟ್ಯಾಂಕಿನ ಬಣ್ಣ ಹಾರಿದ ಗಾಡಿ ಅವನ ಬಳಿ ಬಂದರೆ ಕಂಪನಿಯ ಹೆಸರನ್ನೂ ಅವನೇ ಬರೆಯುತ್ತಿದ್ದ. ಅಕ್ಷರ ತುಸು ದಪ್ಪವಾದರೂ ಕೇಳುವವರಿರಲಿಲ್ಲ.

ಒದ್ದೆ ಕಾಗದದ ಜಾಣ್ಮೆ

ಕುಂಚದ ಕಷ್ಟವೆಂದರೆ ಒಂದೇ ಹೆಸರನ್ನು ಸಾವಿರ ಸಲ ಒಂದೇ ತೆರನಾಗಿ ಬರೆಯಲಾಗದು. ಕಾರ್ಖಾನೆಗಳಿಗೆ ಬೇಕಾದದ್ದು ಅದೇ. ಅದಕ್ಕೆ ಉತ್ತರ ಸಿಕ್ಕಿದ್ದು ಪಿಂಗಾಣಿ ಪಾತ್ರೆಗಳ ಲೋಕದಲ್ಲಿ. 18ನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಕುಶಲಕರ್ಮಿಗಳು ಚಿತ್ರವನ್ನು ಮೊದಲು ಕಾಗದದ ಮೇಲೆ ಅಚ್ಚು ಹಾಕಿ, ಕಾಗದದಿಂದ ಪಾತ್ರೆಗೆ ವರ್ಗಾಯಿಸುವ ವಿಧಾನವನ್ನು ರೂಢಿಗೆ ತಂದರು. ಮುಂದಿನ ಶತಮಾನದಲ್ಲಿ ಇದು ಯುರೋಪಿನ ಮನೆಮನೆಯ ಹುಚ್ಚಾಯಿತು. ಫ್ರೆಂಚರು ಅದನ್ನು ‘ಡೆಕಾಲ್ಕೊಮಾನಿ’ ಎಂದರು. ನಕಲು ಇಳಿಸುವ ಹುಚ್ಚು ಎಂದು ಅದರ ಅರ್ಥ. ಆ ಉದ್ದ ಹೆಸರು ಸವೆದು ಸವೆದು ‘ಡೆಕಾಲ್’ ಎಂದಾಯಿತು. ಮೋಟಾರ್ ಸೈಕಲ್ಲಿನ ಸ್ಟಿಕ್ಕರನ್ನು ಕಂಪನಿಯ ಬಿಡಿಭಾಗಗಳ ಪಟ್ಟಿಯಲ್ಲಿ ಇಂದಿಗೂ ಕಾಣುವುದು ಈ ಹೆಸರಿನಲ್ಲೇ.

ಅದರ ಗುಟ್ಟು ಸರಳ. ಕಾಗದದ ಮೇಲೆ ಮೊದಲು ನೀರಿನಲ್ಲಿ ಕರಗುವ ಅಂಟಿನ ಲೇಪ. ಅದರ ಮೇಲೆ ನೀರಿಗೆ ಕರಗದ ಬಣ್ಣದಲ್ಲಿ ಚಿತ್ರ. ಕಾಗದವನ್ನು ನೀರಿನಲ್ಲಿ ನೆನೆಸಿದರೆ ಅಂಟು ಕರಗಿ ಚಿತ್ರದ ತೆಳು ಪೊರೆ ಜಾರತೊಡಗುತ್ತದೆ. ಅದನ್ನು ಲೋಹದ ಮೇಲೆ ಜಾರಿಸಿ, ಬಟ್ಟೆಯಿಂದ ಒತ್ತಿ, ಒಣಗಿದ ಮೇಲೆ ವಾರ್ನಿಶ್ ಬಳಿದರೆ ಮುಗಿಯಿತು. ಬಬಲ್‌ಗಮ್ ಜೊತೆಗೆ ಬರುತ್ತಿದ್ದ ಚಿತ್ರವನ್ನು ಎಂಜಲು ಹಚ್ಚಿ ಮುಂಗೈಗೆ ಒತ್ತಿಕೊಂಡವರಿಗೆಲ್ಲ ಈ ವಿದ್ಯೆ ಗೊತ್ತು. ಅಜ್ಜಿಯ ಹೊಲಿಗೆ ಯಂತ್ರದ ಮೇಲಿನ ಚಿನ್ನದ ಬಳ್ಳಿ, ಹಳೆಯ ಸೈಕಲ್ಲಿನ ಕೊಳವೆಯ ಮೇಲಿನ ಕಂಪನಿ ಮುದ್ರೆ ಬಹುಮಟ್ಟಿಗೆ ಹೀಗೆ ಇಳಿದು ಬಂದವೇ. ಮೋಟಾರ್ ಸೈಕಲ್ಲುಗಳ ಟ್ಯಾಂಕಿಗೆ ಆ ಕಾಲದಲ್ಲಿ ಎರಡು ದಾರಿಗಳಿದ್ದವು: ಎರಕ ಹೊಯ್ದ ಲೋಹದ ಬಿಲ್ಲೆ, ಇಲ್ಲವೇ ಈ ಒದ್ದೆ ಕಾಗದದ ಮುದ್ರೆ.

ಮೈಸೂರಿನ ಜಾವಾ, ಮೈಸೂರಿನ ಯೆಜ್ಡಿ

ಟ್ಯಾಂಕಿನ ಮೇಲಿನ ಹೆಸರಿಗೆ ಎಷ್ಟು ತೂಕವಿದೆ ಎಂಬುದನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕತೆಯೇ ಸಾಕು.

ಜಾವಾ ಎಂಬುದು ಇಂಡೊನೇಷ್ಯಾದ ದ್ವೀಪದ ಹೆಸರು ಎಂದು ಎಷ್ಟೋ ಜನ ಭಾವಿಸಿದ್ದುಂಟು. ಸಂಗತಿ ಬೇರೆ. ಚೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಸೇರಿಸಿದ. ಜಾವಾ ಹುಟ್ಟಿತು. ಅಂದರೆ ಆ ಹೆಸರೇ ಒಂದು ಪಾಲುದಾರಿಕೆಯ ಪತ್ರ.

ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿಗೆ ಮೈಸೂರಿನ ಯಾದವಗಿರಿಯಲ್ಲಿ ನೆಲೆ ಸಿಕ್ಕಿತು. ಮೈಸೂರಿನ ಅರಸರೂ ಅಂದಿನ ರಾಜ್ಯಪಾಲರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರ್ 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. 250 ಸಿ.ಸಿ.ಯ ಜಾವಾ ಗಾಡಿ ಡಾಕ್ಟರು, ಪೊಲೀಸ್ ಅಧಿಕಾರಿ, ಜಮೀನುದಾರರ ಗಾಡಿಯಾಗಿ ನಾಡಿನ ಉದ್ದಗಲಕ್ಕೂ ಹರಡಿತು. ಪರವಾನಗಿಯ ಅವಧಿ ಮುಗಿದ ಬಳಿಕ 1973ರಿಂದ ಅದೇ ಕಾರ್ಖಾನೆಯಿಂದ ಅದೇ ವಂಶದ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಲ್ಲಿ ಹೊರಬಂದವು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರದು. ಪಾರ್ಸಿ, ಇರಾನಿ ಸಮುದಾಯಗಳಿಗೆ ಜರತುಷ್ಟ್ರ ಧರ್ಮದ ಪುರಾತನ ನೆಲೆಯಾಗಿ ಆ ಪಟ್ಟಣ ಪೂಜ್ಯ.

ಅದೇ ಎಂಜಿನ್ನಿನ ಪರಂಪರೆ, ಅದೇ ಕಿಕ್, ಗೇರ್ ಎರಡಕ್ಕೂ ಒಂದೇ ಕಡ್ಡಿ, ಅದೇ ಎರಡು ಸೈಲೆನ್ಸರು. ಬದಲಾದದ್ದು ಮುಖ್ಯವಾಗಿ ಹೆಸರು. ಆದರೂ ಇವತ್ತು ಹಳೆಯ ಗಾಡಿ ಪ್ರಿಯರ ನಡುವೆ ಜಾವಾದವರು ಬೇರೆ, ಯೆಜ್ಡಿಯವರು ಬೇರೆ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬಿಡಿಭಾಗಗಳು ಗುಜರಿ ಅಂಗಡಿಗಳಲ್ಲಿ ಸಿಕ್ಕಷ್ಟು ಸಿಕ್ಕವು. ಸಿಗದೇ ಹೋದದ್ದು ಮೂಲದ ಮುದ್ರೆಗಳು. 1978ರಲ್ಲಿ ಬಂದ ರೋಡ್‌ಕಿಂಗ್ ಗಾಡಿಯನ್ನು ಈಗ ಮರುಜೀವಗೊಳಿಸುವವರು ಪಿಸ್ಟನ್ನಿಗೆ ಪರದಾಡುವಷ್ಟೇ ಸರಿಯಾದ ಅಕ್ಷರದ, ಸರಿಯಾದ ಬಣ್ಣದ ಸ್ಟಿಕ್ಕರಿಗೂ ಪರದಾಡುತ್ತಾರೆ. ಹಳೆಯ ಟ್ಯಾಂಕಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಕ್ಷರದ ಅಂಚನ್ನು ತಿದ್ದಿ, ಅದನ್ನು ಕಂಪ್ಯೂಟರಿಗೆ ಏರಿಸಿ, ಮತ್ತೆ ಕತ್ತರಿಸಿ ತರುವವರಿದ್ದಾರೆ. ಫ್ರೆಂಚರು ‘ನಕಲು ಇಳಿಸುವ ಹುಚ್ಚು’ ಎಂದದ್ದು ಇದನ್ನೇ ನೋಡಿ ಅನ್ನಬೇಕು.

ಹೆಸರಿನ ಬೆಲೆ ಇಷ್ಟಕ್ಕೇ ಮುಗಿಯಲಿಲ್ಲ. ಕ್ಲಾಸಿಕ್ ಲೆಜೆಂಡ್ಸ್ ಎಂಬ ಹೊಸ ಕಂಪನಿ 2018ರಲ್ಲಿ ಜಾವಾ ಹೆಸರಿನಲ್ಲೂ 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲೂ ಹೊಸ ಗಾಡಿಗಳನ್ನು ಬಿಟ್ಟಿತು. ಯೆಜ್ಡಿ ಎಂಬ ಹೆಸರು ಯಾರದು ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಆ ಹೆಸರು ಸಮಾಪನೆಯಲ್ಲಿದ್ದ ಹಳೆಯ ಐಡಿಯಲ್ ಜಾವಾ ಕಂಪನಿಯ ಆಸ್ತಿ ಎಂದು ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಲಾಯಿತು. ಯಂತ್ರಗಳು ನಿಂತು ಕಾಲು ಶತಮಾನ ದಾಟಿದ ಮೇಲೂ ಜಗಳವಾಡಲು ಯೋಗ್ಯವಾಗಿ ಉಳಿದದ್ದು ಟ್ಯಾಂಕಿನ ಮೇಲಿನ ಒಂದು ಪದ.

ಜೋಡಿ ಹೆಸರುಗಳ ದಶಕ

1980ರ ದಶಕದಲ್ಲಿ ಜಪಾನಿನ ಕಂಪನಿಗಳು ಭಾರತದ ಕಂಪನಿಗಳ ಕೈಹಿಡಿದವು. ಟ್ಯಾಂಕುಗಳ ಮೇಲೆ ಜೋಡಿ ಹೆಸರುಗಳು ಕಾಣಿಸಿಕೊಂಡವು. 1984ರಲ್ಲಿ ಇಂಡ್ ಸುಜುಕಿ, ಮುಂದೆ ಅದೇ ಟಿವಿಎಸ್ ಸುಜುಕಿ. 1985ರಲ್ಲಿ ಹೀರೊ ಹೊಂಡಾದ ಸಿಡಿ 100; ಅದೇ ವರ್ಷ ಎಸ್ಕಾರ್ಟ್ಸ್ ತಯಾರಿಸಿದ ಯಮಹಾ ಆರ್‌ಎಕ್ಸ್ 100. ಜೊತೆಗೆ ಕವಾಸಕಿ ಬಜಾಜ್. ಮದುವೆ ಆಮಂತ್ರಣ ಪತ್ರಿಕೆಯಲ್ಲಿ ವಧೂವರರ ಹೆಸರು ಅಚ್ಚಾದಂತೆ ಎರಡು ದೇಶಗಳ ಹೆಸರುಗಳು ಅಕ್ಕಪಕ್ಕ ಕುಳಿತವು.

ಸ್ಟಿಕ್ಕರ್ ಯುಗ ಬಲವಾಗಿ ಬೇರೂರಿದ್ದು ಈ ಗಾಡಿಗಳ ಜೊತೆಗೆ. ಕಾರಣ ಸೌಂದರ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರದ್ದು. ಲೋಹದ ಬಿಲ್ಲೆಗೆ ಅಚ್ಚು ಬೇಕು, ಎರಕ ಬೇಕು, ಹೊಳಪು ಬೇಕು. ಒಮ್ಮೆ ಮಾಡಿದ ಅಚ್ಚನ್ನು ವರ್ಷವರ್ಷ ಬದಲಿಸಲಾಗದು. ಸ್ಟಿಕ್ಕರಿಗೆ ಆ ಕಷ್ಟವಿಲ್ಲ. ಎಂಜಿನ್, ಚಾಸಿ, ಟ್ಯಾಂಕು ಎಲ್ಲ ಹಾಗೇ ಇಟ್ಟು ಗೆರೆಯ ಬಣ್ಣ ಬದಲಿಸಿದರೆ ಸಾಕು, ಈ ವರ್ಷದ ಹೊಸ ಮಾಡೆಲ್ ಸಿದ್ಧ. 1994ರಲ್ಲಿ ಬಂದ ಸ್ಪ್ಲೆಂಡರ್ ಗಾಡಿಯನ್ನೇ ನೋಡಿ. ಹಳ್ಳಿಯ ಹುಡುಗರು ಅದರ ಸ್ಟಿಕ್ಕರ್ ನೋಡಿಯೇ ಯಾವ ಕಾಲದ ಗಾಡಿ ಎಂದು ಹೇಳಬಲ್ಲರು. ಕುದುರೆಯ ಹಲ್ಲು ಎಣಿಸಿ ವಯಸ್ಸು ಹೇಳುವ ವಿದ್ಯೆ ಈಗ ಟ್ಯಾಂಕಿಗೆ ಬಂದಿದೆ.

ಜೋಡಿಗಳು ಶಾಶ್ವತವಾಗಲಿಲ್ಲ. ಟಿವಿಎಸ್ ಮತ್ತು ಸುಜುಕಿ 2001ರಲ್ಲಿ ದೂರವಾದವು. ಹೀರೊ ಮತ್ತು ಹೊಂಡಾ ಬೇರೆಯಾಗುವ ನಿರ್ಧಾರ 2010ರ ಡಿಸೆಂಬರಿನಲ್ಲಿ ಪ್ರಕಟವಾಯಿತು. 2011ರಲ್ಲಿ ಕಂಪನಿ ಹೀರೊ ಮೋಟೊಕಾರ್ಪ್ ಆಯಿತು, ಹೊಸ ಲಾಂಛನ ಬಂತು. ಅದಕ್ಕೂ ಮೊದಲು ಮಾರಾಟವಾದ ಲಕ್ಷಾಂತರ ಗಾಡಿಗಳು ಆ ಮುರಿದ ಸಂಬಂಧದ ಹೆಸರನ್ನು ಹೊತ್ತೇ ಓಡುತ್ತಿದ್ದವು. ಈಗ ಅಂಥ ಗಾಡಿಯ ಸ್ಟಿಕ್ಕರ್ ಬದಲಿಸಲು ಹೋದರೆ ಅಂಗಡಿಯವನು ಕೆಲವೊಮ್ಮೆ ಹೊಸ ಕಾಲದ ಸೆಟ್ಟನ್ನೇ ಮುಂದಿಡುತ್ತಾನೆ. ಆರ್‌.ಸಿ. ಪುಸ್ತಕದಲ್ಲಿ ಒಂದು ಹೆಸರು, ಟ್ಯಾಂಕಿನ ಮೇಲೆ ಇನ್ನೊಂದು. ಗಾಡಿಗೆ ಚೆಂದ ಬಂತು, ಚರಿತ್ರೆ ಹೋಯಿತು.

ಚಪಾತಿ ಹಾಳೆ, ದೋಸೆ ಹಾಳೆ

ಈ ಸ್ಟಿಕ್ಕರಿನ ಮೈಯೊಳಗೆ ಏನಿದೆ? ಮೂರು ಪದರ. ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆ, ನಡುವೆ ಅಂಟು, ಕೆಳಗೆ ಸಿಲಿಕೋನ್ ಸವರಿದ ನುಣುಪು ಕಾಗದ. ಪಿವಿಸಿ ಎಂಬ ಗಡುಸು ವಸ್ತುವನ್ನು ಬಾಗುವಂತೆ ಮೃದುಗೊಳಿಸುವ ಉಪಾಯವನ್ನು ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಕಂಡುಕೊಂಡ. ನೀರು, ಶಾಖಗಳ ಹಂಗಿಲ್ಲದೆ ಬೆರಳಿನಿಂದ ಒತ್ತಿದರೆ ಸಾಕು ಅಂಟುವ ಚೀಟಿಯನ್ನು ಸ್ಟ್ಯಾಂಟನ್ ಏವರಿ 1935ರಲ್ಲಿ ಲಾಸ್ ಏಂಜಲೀಸಿನಲ್ಲಿ ತಯಾರಿಸತೊಡಗಿದ. ಇವೆರಡು ಸೇರಿದ್ದೇ ಇಂದಿನ ವಿನೈಲ್ ಸ್ಟಿಕ್ಕರ್.

ಹಾಳೆಯಲ್ಲಿ ಎರಡು ಜಾತಿ. ಮೊದಲನೆಯದು ಬಿಸಿ ರೋಲರುಗಳ ನಡುವೆ ಒತ್ತಿ ಹಿಗ್ಗಿಸಿದ್ದು, ಚಪಾತಿ ಲಟ್ಟಿಸಿದಂತೆ. ಲಟ್ಟಿಸಿದ ಚಪಾತಿ ಮತ್ತೆ ಕುಗ್ಗಲು ನೋಡುವುದನ್ನು ಅಡುಗೆ ಮನೆಯವರೆಲ್ಲ ಬಲ್ಲರು; ಈ ಹಾಳೆಯೂ ಬಿಸಿಲಿಗೆ ಹಾಗೇ ಕುಗ್ಗುತ್ತದೆ. ಎರಡನೆಯದು ದ್ರವವಾಗಿ ಹುಯ್ದು ಆರಿಸಿದ್ದು, ದೋಸೆ ಹುಯ್ದಂತೆ. ಎಳೆದಾಟವೇ ಇಲ್ಲದ್ದರಿಂದ ಕುಗ್ಗುವುದು ತೀರ ಕಡಿಮೆ, ಟ್ಯಾಂಕಿನ ಉಬ್ಬುತಗ್ಗಿಗೆ ಮೈಗೊಡುತ್ತದೆ, ಬೆಲೆಯೂ ಹೆಚ್ಚು. ಅಗ್ಗದ ಸ್ಟಿಕ್ಕರ್ ಎರಡನೇ ಬೇಸಿಗೆಗೇ ಅಂಚು ಬಿಡುವುದರ ಕಾರಣ ಬಹುಪಾಲು ಇಲ್ಲಿದೆ. ಅದರ ಜೊತೆಗೆ ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣವನ್ನು ತಿನ್ನುತ್ತವೆ; ಶಾಖಕ್ಕೆ ಮೃದುಕಾರಕ ಹೊರಟುಹೋಗಿ ಹಾಳೆ ಪೆಡಸಾಗುತ್ತದೆ. ಟ್ಯಾಂಕಿನ ಬಾಯಿಯಿಂದ ಚೆಲ್ಲಿದ ಪೆಟ್ರೋಲು ಅಂಟನ್ನೇ ಕರಗಿಸುತ್ತದೆ.

ಬದಲಿಸುವ ವಿದ್ಯೆಯೂ ಇದೇ ಗುಣಗಳನ್ನು ಆಧರಿಸಿದ್ದು. ಮೊದಲು ನೋಡಬೇಕಾದದ್ದು ಸ್ಟಿಕ್ಕರಿನ ಮೇಲೆ ಕಾರ್ಖಾನೆಯವರು ಪಾರದರ್ಶಕ ಲ್ಯಾಕರ್ ಹೊಡೆದಿದ್ದಾರೋ ಇಲ್ಲವೋ ಎಂಬುದನ್ನು. ಉಗುರಿನಿಂದ ಅಂಚನ್ನು ಸವರಿದರೆ ಮೆಟ್ಟಿಲಿನಂಥ ಏರು ಸಿಗಬೇಕು. ಸಿಗದಿದ್ದರೆ ಹೆಸರು ಲ್ಯಾಕರಿನ ಕೆಳಗೆ ಹುದುಗಿದೆ ಎಂದರ್ಥ. ಅದನ್ನು ಕೀಳಲಾಗದು, ಉಜ್ಜಿ ಹೊಸ ಬಣ್ಣವನ್ನೇ ಹೊಡೆಯಬೇಕು. ಏರು ಸಿಕ್ಕರೆ ಬಿಸಿಗಾಳಿಯಿಂದ ಹದವಾಗಿ ಕಾಯಿಸಿ, ಒಂದು ಮೂಲೆಯಿಂದ ಓರೆಯಾಗಿ, ನಿಧಾನವಾಗಿ ಎಳೆಯಬೇಕು. ಬ್ಲೇಡ್ ತಾಗಿಸಿದರೆ ಬಣ್ಣಕ್ಕೆ ಗಾಯ. ಉಳಿದ ಅಂಟನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಿಂದ ಎಣ್ಣೆಯ ಪಸೆ ಹೋಗುವಂತೆ ತೊಳೆಯಬೇಕು. ಬೆಂಕಿ ಕಡ್ಡಿ, ಬೀಡಿ ಹತ್ತಿರ ಸುಳಿಯಬಾರದು. ಅದು ಪೆಟ್ರೋಲ್ ಟ್ಯಾಂಕು ಎಂಬುದನ್ನು ಮರೆತು ಕೆಲಸ ಮಾಡುವವರೂ ಇದ್ದಾರೆ!

ಹೊಸದನ್ನು ಅಂಟಿಸುವಾಗ ಟ್ಯಾಂಕಿಗೆ ಸೋಪಿನ ನೀರು ಚಿಮುಕಿಸುವುದು ಅನುಭವಸ್ಥರ ಕ್ರಮ. ನೀರು ಇರುವವರೆಗೆ ಅಂಟು ಕಚ್ಚುವುದಿಲ್ಲ. ಸ್ಟಿಕ್ಕರನ್ನು ಅತ್ತಿತ್ತ ಸರಿಸಿ ಸರಿಯಾದ ಜಾಗಕ್ಕೆ ತರಬಹುದು. ಆಮೇಲೆ ಮೆತ್ತನೆಯ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ನೀರನ್ನೂ ಗಾಳಿಯನ್ನೂ ಹೊರಹಾಕಬೇಕು. ಹೀಗೆ ಒದ್ದೆ ಕಾಗದದ ಹಳೆಯ ವಿದ್ಯೆಯ ನೆನಪು ಹೊಸ ಸ್ಟಿಕ್ಕರಿನಲ್ಲೂ ಉಳಿದಿದೆ.

‘ರೇಡಿಯಂ’ ಎಂಬ ಪದ

ನಮ್ಮ ಕಡೆ ಇಂಥ ಅಂಗಡಿಗಳಿಗೆ ಇನ್ನೊಂದು ಹೆಸರಿದೆ: ರೇಡಿಯಂ ಅಂಗಡಿ. ಗಾಡಿಗೆ ರೇಡಿಯಂ ಹಾಕಿಸುವುದು ಎಂದರೆ ರಾತ್ರಿ ಹೊಳೆಯುವ ಸ್ಟಿಕ್ಕರ್ ಹಚ್ಚಿಸುವುದು. ಈ ಪದ ಬಂದ ದಾರಿ ವಿಚಿತ್ರವಾದದ್ದು.

ಮೇರಿ ಕ್ಯೂರಿ, ಪಿಯರ್ ಕ್ಯೂರಿ ದಂಪತಿ 1898ರಲ್ಲಿ ಪತ್ತೆಹಚ್ಚಿದ ಮೂಲವಸ್ತು ರೇಡಿಯಂ. ಅದನ್ನು ಬೆರೆಸಿದ ಬಣ್ಣ ಕತ್ತಲಲ್ಲಿ ತಾನಾಗಿ ಹೊಳೆಯುತ್ತಿತ್ತು. ಕೈಗಡಿಯಾರದ ಅಂಕಿಗಳಿಗೆ ಅದನ್ನು ಬಳಿಯುವ ಕಾರ್ಖಾನೆಗಳು ಅಮೆರಿಕದಲ್ಲಿ ಎದ್ದವು. ಅಲ್ಲಿ ಕೆಲಸಕ್ಕಿದ್ದವರು ಹದಿಹರೆಯದ ಹುಡುಗಿಯರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಯಲ್ಲಿ ಒತ್ತಿಕೊಳ್ಳಲು ಅವರಿಗೆ ಕಲಿಸಲಾಗಿತ್ತು. ವಿಷ ಎಲುಬಿಗೆ ಇಳಿಯಿತು. ದವಡೆ ಕೊಳೆತು ಹಲವರು ಸತ್ತರು. ನ್ಯೂಜೆರ್ಸಿಯ ಐವರು ಹೆಂಗಸರು ಹೂಡಿದ ದಾವೆ 1928ರಲ್ಲಿ ಪರಿಹಾರದೊಂದಿಗೆ ಇತ್ಯರ್ಥವಾಯಿತು. ಕೆಲಸಗಾರರ ಸುರಕ್ಷತೆಯ ಚರಿತ್ರೆಯಲ್ಲಿ ಅದೊಂದು ಮೈಲಿಗಲ್ಲು. ರೇಡಿಯಂ ಬಣ್ಣ ಕಾಲಕ್ರಮದಲ್ಲಿ ಬಳಕೆ ತಪ್ಪಿತು. ‘ಹೊಳೆಯುವುದು’ ಎಂಬ ಅರ್ಥ ಮಾತ್ರ ಪದಕ್ಕೆ ಅಂಟಿಕೊಂಡು ನಮ್ಮ ಸಂತೆ ಬೀದಿಗೆ ಬಂತು.

ನಮ್ಮ ಅಂಗಡಿಯ ರೇಡಿಯಂನಲ್ಲಿ ರೇಡಿಯಂ ಕಣವೂ ಇಲ್ಲ. ಅದರಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು, ಇಲ್ಲವೇ ಸೂಕ್ಷ್ಮ ಪಟ್ಟಕಗಳು. ಬೆಳಕು ಮಣಿಯೊಳಗೆ ಹೊಕ್ಕು, ಬಾಗಿ, ಹಿಂದಿನ ಹೊಳಪು ಪದರಕ್ಕೆ ಬಡಿದು, ಬಂದ ದಾರಿಯಲ್ಲೇ ಮರಳುತ್ತದೆ. ಹೀಗಾಗಿ ಹೆಡ್‌ಲೈಟಿನ ಹಿಂದೆ ಕುಳಿತ ಚಾಲಕನ ಕಣ್ಣಿಗೆ ಅದು ಉರಿದಂತೆ ಕಾಣುತ್ತದೆ. ಇಂಥ ಹಾಳೆ ಹಚ್ಚಿದ ಮೊದಲ ರಸ್ತೆ ಫಲಕ ಅಮೆರಿಕದ ಮಿನಿಯಾಪೊಲಿಸ್ ಬಳಿ ನಿಂತದ್ದು 1939ರಲ್ಲಿ.

ಇಲ್ಲಿ ಸ್ಟಿಕ್ಕರ್ ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ಆಳಂದ, ಅಫಜಲಪುರ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ರಾತ್ರಿಯಿಡೀ ಟ್ರ್ಯಾಕ್ಟರುಗಳ ಸಾಲು. ಹಿಂದೆ ಎರಡು ಟ್ರೇಲರು, ಅದರಾಚೆ ಚಾಚಿದ ಕಬ್ಬಿನ ಜಲ್ಲೆ. ಎಷ್ಟೋ ಟ್ರೇಲರುಗಳಿಗೆ ಹಿಂಬದಿಯ ದೀಪವೇ ಇರುವುದಿಲ್ಲ. ಕೆಟ್ಟು ನಿಂತ ಅಂಥ ಟ್ರೇಲರಿಗೆ ಕತ್ತಲಲ್ಲಿ ಬೈಕ್ ಸವಾರ ಬಂದು ಬಡಿದ ಸುದ್ದಿ ಪತ್ರಿಕೆಯ ಕಚೇರಿಗೆ ಹೊಸದಲ್ಲ. ನಿಯಮದ ಪ್ರಕಾರ ಸರಕು ವಾಹನಕ್ಕೆ ಮುಂದೆ ಬಿಳಿ, ಹಿಂದೆ ಕೆಂಪು, ಬದಿಗೆ ಹಳದಿ ಪ್ರತಿಫಲನ ಪಟ್ಟಿ ಇರಬೇಕು. ಟ್ರೇಲರಿನ ಹಿಂದೆ ಅಂಗೈ ಅಗಲದ ಕೆಂಪು ಪಟ್ಟಿಯೊಂದಿದ್ದರೆ ಹಿಂದೆ ಬರುವವನಿಗೆ ಬ್ರೇಕ್ ಒತ್ತಲು ಕೆಲವು ಕ್ಷಣಗಳು ಸಿಗುತ್ತವೆ. ಆದರೆ ಧೂಳು ಮೆತ್ತಿದ ರೇಡಿಯಂ ಕುರುಡು. ಬಟ್ಟೆಯಿಂದ ಒರೆಸಿದರೇ ಅದಕ್ಕೆ ಕಣ್ಣು ಬರುವುದು. ಬೈಕಿನ ಟ್ಯಾಂಕಿಗೆ ಹೊಸ ಹೆಸರು ಹಚ್ಚಿಸಲು ಬಂದವರು ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ಪಟ್ಟಿಯನ್ನೂ ಹಚ್ಚಿಸಿಕೊಂಡರೆ ಖರ್ಚು ಹೆಚ್ಚೇನೂ ಆಗದು.

ಕನ್ನಡದ ಒತ್ತು, ಚಾಕುವಿನ ತಾಳ್ಮೆ

ಕಂಪನಿಯ ಹೆಸರು ಒಂದು ಕಡೆಯಾದರೆ ಸವಾರ ತಾನೇ ಬರೆಸಿಕೊಳ್ಳುವ ಹೆಸರುಗಳು ಇನ್ನೊಂದು ಕಡೆ. ಕಲಬುರಗಿಯ ಶರಣಬಸವೇಶ್ವರ, ಖ್ವಾಜಾ ಬಂದೇನವಾಜ್, ಗಾಣಗಾಪುರದ ದತ್ತಾತ್ರೇಯ, ಬಸವಣ್ಣ, ಅಂಬೇಡ್ಕರ್, ಸಂಗೊಳ್ಳಿ ರಾಯಣ್ಣ, ಪುನೀತ್ ರಾಜ್‌ಕುಮಾರ್, ಮಗಳ ಹೆಸರು, ‘ತಂದೆ ತಾಯಿಯ ಆಶೀರ್ವಾದ’. ಕಾರ್ಖಾನೆಯ ಗಾಡಿ ಈ ಮನೆಯ ಗಾಡಿಯಾಗುವುದು ಈ ಬರಹದಿಂದ.

ಕುಂಚದ ಕಾಲದಲ್ಲಿ ಇದನ್ನೆಲ್ಲ ಪೇಂಟರ್ ಬರೆಯುತ್ತಿದ್ದ. ಈಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಅಕ್ಷರವನ್ನು ಕಟಿಂಗ್ ಯಂತ್ರದ ಚೂಪು ಚಾಕು ಹಾಳೆಯ ಮೇಲೆ ಕೊರೆಯುತ್ತದೆ. ಆದರೆ ಕನ್ನಡ ಇಲ್ಲಿ ಸುಲಭಕ್ಕೆ ಬಗ್ಗುವುದಿಲ್ಲ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದಲ್ಲಿ ‘ಅಣ್ಣ’ ಎಂದು ಕೊರೆದರೆ ಒತ್ತಕ್ಷರ ಕೆಳಗೆ ಬೇರೆ ದ್ವೀಪವಾಗಿ ಬೀಳುತ್ತದೆ. ಅಕ್ಷರಗಳ ಹೊಟ್ಟೆಯೊಳಗಿನ ಸುಳಿಗಳನ್ನು ಸೂಜಿಯಿಂದ ಒಂದೊಂದಾಗಿ ಹೆಕ್ಕಿ ತೆಗೆಯಬೇಕು. ಆಮೇಲೆ ಎಲ್ಲವನ್ನೂ ಅಲುಗದಂತೆ ಎತ್ತಲು ಮೇಲೆ ಇನ್ನೊಂದು ಅಂಟುಪಟ್ಟಿ. ಅವಸರ ಮಾಡಿದರೆ ಒತ್ತು ಕಾಗದದಲ್ಲೇ ಉಳಿದು ‘ಅಣ್ಣ’ ಬರೀ ‘ಅಣ’ ಆಗುತ್ತಾನೆ. ಕೈಯ ಕೆಲಸ ಮುಗಿಯಿತೆಂದು ಹೇಳುವವರು ಈ ಸೂಜಿ ಹಿಡಿದ ಹುಡುಗನನ್ನು ನೋಡಬೇಕು.

ಪೇಂಟರನ ಅನ್ನಕ್ಕೆ ಬಿದ್ದ ಇನ್ನೊಂದು ಏಟು ನಂಬರ್ ಪ್ಲೇಟಿನದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳೂ ಅದನ್ನೇ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿ, ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿತು. ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಒಮ್ಮೆ ತೆಗೆದರೆ ಮತ್ತೆ ಕೂರದ ಲಾಕು. ಕದ್ದ ಗಾಡಿಗೆ ಬೇರೆ ನಂಬರ್ ಬರೆಸಿ ಓಡಿಸುವುದು ಇದರಿಂದ ಕಷ್ಟವಾಗುತ್ತದೆ, ಅದು ಒಳ್ಳೆಯದೇ. ಆದರೆ ‘ಕೆಎ 32’ ಎಂದು ಕುಂಚದಲ್ಲಿ ಬರೆದು ಹೊಟ್ಟೆ ಹೊರೆದ ಕೈಗಳಿಗೆ ಆ ದಾರಿ ಮುಚ್ಚಿತು.

ಅಳಿಯದ ನೆರಳು

ಹಾಗಾದರೆ ಹಳೆಯ ಸ್ಟಿಕ್ಕರನ್ನು ಕೀಳಬಾರದೇ? ಖಂಡಿತ ಕೀಳಬಹುದು. ಗಾಡಿ ಇರುವುದು ಓಡಿಸಲು, ಪೂಜಿಸಲು ಅಲ್ಲ. ಆದರೆ ಕೀಳುವ ಮೊದಲು ಎರಡು ನಿಮಿಷ ವ್ಯಯಿಸಿದರೆ ನಷ್ಟವಿಲ್ಲ. ಎರಡೂ ಬದಿಯ ಫೋಟೊ ತೆಗೆಯಿರಿ. ಟ್ಯಾಂಕಿನ ಅಂಚಿನಿಂದ ಅಕ್ಷರಕ್ಕೆ ಎಷ್ಟು ಅಂತರ ಎಂದು ಅಳೆದಿಡಿ. ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಅಕ್ಷರದ ಅಂಚನ್ನು ಇಳಿಸಿಕೊಳ್ಳಿ. ಅಪ್ಪನ ಕಾಲದ ರಾಜದೂತ್, ಮಾವನ ಮನೆಯ ಯೆಜ್ಡಿ, ಮೊದಲ ಸಂಬಳದ ಹೀರೊ ಹೊಂಡಾ ಯಾವುದೇ ಇರಲಿ, ಮುಂದೊಂದು ದಿನ ಅದರ ಮೂಲ ರೂಪ ಹೇಗಿತ್ತೆಂದು ಯಾರಾದರೂ ಕೇಳಿಯಾರು. ಆಗ ಉತ್ತರ ಕೊಡಲು ಕಾರ್ಖಾನೆ ಇರುವುದಿಲ್ಲ, ಮೈಸೂರಿನ ಕಾರ್ಖಾನೆ ಇಲ್ಲವಾದಂತೆ.

ಗಾಡಿ ತಾನೂ ಸ್ವಲ್ಪ ನೆನಪಿಟ್ಟುಕೊಳ್ಳುತ್ತದೆ. ಬಹುಕಾಲ ಅಂಟಿದ್ದ ಸ್ಟಿಕ್ಕರನ್ನು ಕಿತ್ತಾಗ ಅದರ ಕೆಳಗಿನ ಬಣ್ಣ ಬಿಸಿಲು ಕಾಣದೆ ಹೊಸದರಂತೆ ಗಾಢವಾಗಿರುತ್ತದೆ. ಸುತ್ತಲಿನ ಬಣ್ಣ ಮಾಸಿರುತ್ತದೆ. ಸ್ಟಿಕ್ಕರ್ ಹೋದರೂ ಹೆಸರು ನೆರಳಾಗಿ ಟ್ಯಾಂಕಿನ ಮೇಲೆ ನಿಲ್ಲುತ್ತದೆ. ಪಾಲಿಶ್ ಹಾಕಿದರೂ ಅದು ಬೇಗ ಹೋಗದು. ಆ ನೆರಳಿನ ಮೇಲೆ ಅದೇ ಹೆಸರನ್ನು ಅಂಟಿಸಿದರೆ ಕಾಣುವುದಿಲ್ಲ. ಬೇರೆ ಹೆಸರು ಅಂಟಿಸಿದರೆ ಹಳೆಯದು ಅಂಚಿನಿಂದ ಇಣುಕುತ್ತಲೇ ಇರುತ್ತದೆ.